ಮನೆಯೊಳಗೆ ಚಿಕ್ಕ ಡ್ರೋನ್ ಹಾರಿಸುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಮಳೆಗಾಲ ಹಿಡಿದರೆ ಹೊರಗೆ ಡ್ರೋನ್ ಹಾರಿಸುವ ಮಾತೇ ಇಲ್ಲ. ಚಾವಡಿ, ಹಾಲ್, ಶಾಲೆಯ ಸಭಾಂಗಣ, ಶಟಲ್ ಕೋರ್ಟ್, ಹೀಗೆ ಹಾರಾಟವೆಲ್ಲ ಒಳಗೇ. ಮಕ್ಕಳು, ಅವರ ಅಪ್ಪ ಅಮ್ಮಂದಿರು, ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಮದುವೆ ಫೋಟೋ ತೆಗೆಯುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಪಳಗಿದವರಿಗೆ ಬೇಕಾದ್ದು ಕೊನೆಗೆ. ಎಲ್ಲ ಉತ್ತರಗಳ ಹಿಂದೆ ನನ್ನದು ಒಂದೇ ನಿಲುವು: ಕೋಣೆಯೊಳಗೆ ಡ್ರೋನ್ ಎಬ್ಬಿಸುವ ಮೊದಲು ಅದನ್ನು ನಿಲ್ಲಿಸುವ ದಾರಿ ಸರಿಯಾಗಿ ಉಂಟೋ ನೋಡಿಕೊಳ್ಳಬೇಕು. ಬಾಕಿ ತಪಾಸಣೆಗಳೆಲ್ಲ ಆಮೇಲೆ.

## ಮೊದಲ ಸಲ ಹಾರಿಸುವವರಿಗೆ

ಅಂಗೈಯಷ್ಟು ಚಿಕ್ಕದು ಮಾರಾಯ್ರೆ, ಅದರಿಂದ ಎಂತ ಆಗ್ಲಿಕ್ಕುಂಟು?

ಕೈಗೆ ತಾಗಿದರೆ ಗೀರು, ಹೆಚ್ಚೆಂದರೆ ಸಣ್ಣ ಗಾಯ. ಕಣ್ಣಿಗೆ ತಾಗಿದರೆ ಹಾಗಲ್ಲ. ಲೆಕ್ಕ ಹಾಕಿ ನೋಡಿ: 31 ಮಿಲಿಮೀಟರ್ ಅಳತೆಯ ಪ್ರೊಪೆಲ್ಲರ್ ನಿಮಿಷಕ್ಕೆ 30,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಸೆಕೆಂಡಿಗೆ ಸುಮಾರು 49 ಮೀಟರ್. ಗಂಟೆಗೆ 170 ಕಿಲೋಮೀಟರಿಗೂ ಮೇಲೆ. ಡ್ರೋನ್ ತೂಕ 25 ಗ್ರಾಂ ಮಾತ್ರ ಇದ್ದರೂ ಆ ತುದಿಯ ವೇಗ ಕಮ್ಮಿಯಾಗುವುದಿಲ್ಲ. ಮೈದಾನದಲ್ಲಾದರೆ ಅದು ನಮ್ಮಿಂದ ದೂರ ಇರುತ್ತದೆ. ಕೋಣೆಯಲ್ಲಿ ಎರಡು ಮೂರು ಮೀಟರ್ ಆಚೆ, ಅದೂ ಮುಖದ ಎತ್ತರದಲ್ಲಿ.

ಹಾಗಾಗಿ ಹಾರಿಸುವವರೂ ನೋಡುವವರೂ ಕನ್ನಡಕ ಹಾಕಿಕೊಳ್ಳಲೇಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಬದಿಯೂ ಮುಚ್ಚುವ ಪ್ಲಾಸ್ಟಿಕ್ ಸೇಫ್ಟಿ ಕನ್ನಡಕ ಸಾಕು. ಉದ್ದ ಕೂದಲು ಇದ್ದವರು ಕಟ್ಟಿಕೊಳ್ಳಿ, ಶಾಲು ತೆಗೆದಿಡಿ.

ಯಾವ ಡ್ರೋನ್ ಒಳಗೆ ಹಾರಿಸ್ಬಹುದು, ಯಾವುದು ಬೇಡ?

ಪ್ರೊಪೆಲ್ಲರನ್ನು ಸುತ್ತಲೂ ಮುಚ್ಚುವ ಗಾರ್ಡ್ ಇರುವ, 65 ಅಥವಾ 75 ಮಿಲಿಮೀಟರ್ ಅಳತೆಯ ವೂಪ್ ಮಾದರಿಗಳು ಮನೆಗೆ ಹೇಳಿ ಮಾಡಿಸಿದವು. 80 ಗ್ರಾಂ ಆಸುಪಾಸಿನ, ಟೆಲ್ಲೋ ಎಂಬ ಕ್ಯಾಮೆರಾ ಡ್ರೋನ್‌ನಂಥವು ಗಾರ್ಡ್ ಹಾಕಿದರೆ ದೊಡ್ಡ ಕೋಣೆಯಲ್ಲಿ ಆಗುತ್ತದೆ. 249 ಗ್ರಾಂನ ಕ್ಯಾಮೆರಾ ಡ್ರೋನ್‌ಗೆ ಸಭಾಂಗಣ ಬೇಕು, ಗಾರ್ಡೂ ಬೇಕು. ಗಾರ್ಡ್ ಇಲ್ಲದ 5 ಇಂಚು ಪ್ರೊಪೆಲ್ಲರಿನ ರೇಸಿಂಗ್ ಡ್ರೋನ್ ಯಾವ ಮನೆಯೊಳಗೂ ಬೇಡ. ಒಂದು ನಿಮಿಷದ ಪರೀಕ್ಷೆಗೆ ಕೂಡ ಬೇಡ.

ಲೈಸೆನ್ಸ್ ಬೇಕಾ?

2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ತನಕದ್ದು ನ್ಯಾನೋ ವರ್ಗ. ಅದನ್ನು ಹಾರಿಸಲಿಕ್ಕೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. ಒಳಗೆ ಹಾರಿಸುವಾಗ ನೀವು ಗಮನ ಇಡಬೇಕಾದ್ದು ಕಿಟಕಿಯ ಮೇಲೆ. ತೆರೆದ ಕಿಟಕಿಯಿಂದ ಡ್ರೋನ್ ಆಚೆ ಹೋಯಿತೆಂದರೆ ಅದು ಸಾರ್ವಜನಿಕ ವಾಯುಪ್ರದೇಶ. ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರ್ ಒಳಗೆ ನೆಲಮಟ್ಟದಿಂದಲೇ ಅನುಮತಿ ಬೇಕು. 8ರಿಂದ 12 ಕಿಲೋಮೀಟರ್ ನಡುವೆ 200 ಅಡಿಗಿಂತ ಮೇಲೆ ಹೋಗಬೇಕಾದರೆ ಬೇಕು. ಬಜ್ಪೆ, ಕೆಂಜಾರು, ಕಾವೂರು ಕಡೆಯವರು ಇದನ್ನು ತಲೆಯಲ್ಲಿ ಇಟ್ಟುಕೊಂಡೇ ಕಿಟಕಿಯ ಚಿಲಕ ಹಾಕಿ. ಟೆರೇಸಿಗೆ ಒಯ್ಯುವ ಮನಸ್ಸಿದ್ದರೆ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ನೋಡಿ.

ಮಗ ಏಳನೇ ಕ್ಲಾಸ್. ಅವನ ಕೈಗೆ ಕೊಡ್ಬಹುದಾ?

ಪೆಟ್ಟಿಗೆಯ ಮೇಲೆ ಬರೆದ ವಯಸ್ಸು ಮೊದಲು ನೋಡಿ. ಎಷ್ಟೋ ಮಾದರಿಗಳಲ್ಲಿ 14 ವರ್ಷ ಅಂತ ಇರುತ್ತದೆ. ಅದಕ್ಕಿಂತ ಚಿಕ್ಕವರಾದರೆ ದೊಡ್ಡವರು ಬದಿಯಲ್ಲೇ ನಿಂತಿರಬೇಕು, ಮೊಬೈಲ್ ನೋಡುತ್ತಾ ಅಲ್ಲ. ನನ್ನ ಅಳತೆ ಇಷ್ಟೇ: ಡ್ರೋನ್ ನೆಲದ ಮೇಲೆ ಇರುವಾಗ "ಈಗ ನಿಲ್ಲಿಸು" ಅಂತ ನಾವು ಹಠಾತ್ತನೆ ಹೇಳಿದರೆ, ಹುಡುಗನ ಬೆರಳು ರಿಮೋಟ್ ನೋಡದೆ ಸರಿಯಾದ ಗುಂಡಿಗೆ ಹೋಗಬೇಕು. ಹೋದರೆ ಕೊಡಿ. ಬ್ಯಾಟರಿ ಚಾರ್ಜ್ ಮಾಡುವ ಕೆಲಸ ಮಾತ್ರ ದೊಡ್ಡವರದೇ.

## ಡ್ರೋನನ್ನು ಕೈಯಲ್ಲಿ ಹಿಡಿದು

ಹಾರಿಸುವ ಮೊದಲು ಡ್ರೋನ್‌ನಲ್ಲಿ ಎಂತೆಲ್ಲ ನೋಡ್ಬೇಕು?

ಬ್ಯಾಟರಿ ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ. ಪ್ರೊಪೆಲ್ಲರಿನ ಬುಡದಲ್ಲಿ ಬಿಳಿ ಗೆರೆ ಕಂಡರೆ ಪ್ಲಾಸ್ಟಿಕ್ ಮಡಚಿ ದಣಿದಿದೆ ಅಂತ ಅರ್ಥ, ಬದಲಾಯಿಸಿ. ಅಂಚಿನ ಮೇಲೆ ಉಗುರು ಆಡಿಸಿದರೆ ಕಣ್ಣಿಗೆ ಕಾಣದ ಸೀಳು ಸಿಗುತ್ತದೆ. ಆಮೇಲೆ ಒಂದೊಂದೇ ಮೋಟಾರನ್ನು ಬೆರಳಿನಿಂದ ನಿಧಾನಕ್ಕೆ ತಿರುಗಿಸಿ. ನಾಲ್ಕೂ ಒಂದೇ ಹಗುರದಲ್ಲಿ ತಿರುಗಬೇಕು. ಒಂದು ಬಿಗಿ ಅನ್ನಿಸಿದರೆ ಪ್ರೊಪೆಲ್ಲರ್ ತೆಗೆದು ಶಾಫ್ಟಿನ ಬುಡ ನೋಡಿ, ಹೆಚ್ಚಿನ ಸಲ ಅಲ್ಲಿ ಕೂದಲು ಸುತ್ತಿರುತ್ತದೆ. ಮನೆಯೊಳಗೆ ನೆಲಕ್ಕಿಳಿಯುವ ಡ್ರೋನ್‌ಗೆ ಇದು ದಿನನಿತ್ಯದ ತೊಂದರೆ. ಆ ಕೂದಲು ಮೋಟಾರನ್ನು ಬಿಸಿ ಮಾಡಿ ಕೊನೆಗೆ ಕೆಡಿಸುತ್ತದೆ. ಇಕ್ಕುಳಕ್ಕಿಂತ ಹುಬ್ಬು ಕೀಳುವ ಚಿಮಟ ಇದಕ್ಕೆ ಒಳ್ಳೆಯದು.

ಗಾರ್ಡ್ ಒಳಕ್ಕೆ ಬಾಗಿ ಪ್ರೊಪೆಲ್ಲರಿಗೆ ತಾಗುತ್ತಾ ಅಂತ ನೋಡಿ. ಬ್ಯಾಟರಿ ತನ್ನ ಜಾಗದಲ್ಲಿ ಅಲುಗಾಡಬಾರದು. ಕೊನೆಗೆ ಡ್ರೋನನ್ನು ಕಿವಿಯ ಹತ್ತಿರ ಅಲ್ಲಾಡಿಸಿ: ಒಳಗೆ ಗಿಲಕಿ ಸದ್ದು ಬಂದರೆ ಸಡಿಲ ಸ್ಕ್ರೂ ಇದೆ, ಅದು ಸರ್ಕ್ಯೂಟಿನ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ.

ಹೊಸ ಪ್ರೊಪೆಲ್ಲರ್ ಹಾಕಿದೆ. ಈಗ ಏಳುವುದೇ ಇಲ್ಲ, ಮಗುಚಿ ಬೀಳ್ತದೆ. ಯಾಕೆ?

ನಾಲ್ಕೂ ಒಂದೇ ಥರ ಕಂಡರೂ ಎರಡು ಬಲಕ್ಕೆ, ಎರಡು ಎಡಕ್ಕೆ ತಿರುಗುವಂಥವು. ಕರ್ಣದ ತುದಿಗಳಲ್ಲಿರುವ ಎರಡು ಒಂದೇ ಜಾತಿ, ಅಕ್ಕಪಕ್ಕದವು ಬೇರೆ ಜಾತಿ. ಕೆಲವು ಕಂಪನಿಗಳು ಎ, ಬಿ ಅಂತ ಗುರುತು ಹಾಕುತ್ತವೆ, ಕೆಲವು ಒಂದು ಜೋಡಿಗೆ ಗೆರೆ ಎಳೆದಿರುತ್ತವೆ. ಮೋಟಾರ್ ತಿರುಗುವ ದಿಕ್ಕಿಗೆ ಪ್ರೊಪೆಲ್ಲರಿನ ಎತ್ತರದ ಅಂಚು ಮುಂದಿರಬೇಕು. ಏಳಲಿಲ್ಲ ಅಂತ ಥ್ರಾಟಲ್ (ಮೋಟಾರಿನ ವೇಗ ಹೆಚ್ಚು ಕಮ್ಮಿ ಮಾಡುವ ಸ್ಟಿಕ್) ಹೆಚ್ಚಿಸುತ್ತಾ ಹೋಗಬೇಡಿ, ಮೋಟಾರ್ ಸುಡುತ್ತದೆ.

ರಿಮೋಟ್ ಮೊದಲು ಆನ್ ಮಾಡುವುದಾ, ಡ್ರೋನ್ ಮೊದಲಾ?

ರಿಮೋಟ್ ಮೊದಲು, ಥ್ರಾಟಲ್ ಪೂರ್ತಿ ಕೆಳಗೆ ಇಟ್ಟು. ಆಮೇಲೆ ಡ್ರೋನ್‌ಗೆ ಬ್ಯಾಟರಿ. ಮುಗಿಸುವಾಗ ತಿರುಗಾ: ಡ್ರೋನ್ ಬ್ಯಾಟರಿ ಮೊದಲು ತೆಗೆದು ರಿಮೋಟನ್ನು ಕೊನೆಗೆ ಆಫ್ ಮಾಡಿ. ಮೋಟಾರಿಗೆ ಶಕ್ತಿ ಸಿಗುವ ಹೊತ್ತಿನಲ್ಲೆಲ್ಲ ಲಗಾಮು ನಿಮ್ಮ ಕೈಯಲ್ಲಿ ಇರಬೇಕಲ್ಲ, ಅದಕ್ಕೆ. ಬ್ಯಾಟರಿ ಜೋಡಿಸಿದ ಕೂಡಲೇ ಡ್ರೋನನ್ನು ಸಮತಟ್ಟಾದ ನೆಲದಲ್ಲಿಟ್ಟು ಕೆಲವು ಸೆಕೆಂಡ್ ಮುಟ್ಟದೆ ಬಿಡಿ. ಆಗ ಅದರ ಗೈರೋ ಎಂಬ, ಅಲುಗಾಟ ಅಳೆಯುವ ಸೆನ್ಸರ್ "ಅಲುಗಾಟ ಇಲ್ಲ ಅಂದರೆ ಹೀಗೆ" ಅಂತ ಲೆಕ್ಕ ಹಿಡಿಯುತ್ತದೆ. ಕೈಯಲ್ಲಿ ಹಿಡಿದೇ ಆನ್ ಮಾಡಿದರೆ ಆ ಲೆಕ್ಕ ತಪ್ಪಿ ಒಂದು ಬದಿಗೆ ಎಳೆಯುತ್ತದೆ.

ಎಮರ್ಜೆನ್ಸಿ ಸ್ಟಾಪ್ ನಿಜವಾಗಿ ಕೆಲಸ ಮಾಡ್ತದಾ ಅಂತ ನೋಡುವುದು ಹೇಗೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಹೊರಗೆ ಹಾರಿಸಿ ಅಭ್ಯಾಸ ಇದ್ದವರ ಕೈ, ಗಾಬರಿಯಾದಾಗ ಡ್ರೋನನ್ನು ಮೇಲಕ್ಕೆ ಎಳೆಯುತ್ತದೆ. ಆಕಾಶದಲ್ಲಿ ಅದು ಸರಿ, ಮರಕ್ಕಿಂತ ಮೇಲೆ ಹೋದರೆ ಯೋಚಿಸಲಿಕ್ಕೆ ಸಮಯ ಸಿಗುತ್ತದೆ. ಕೋಣೆಯಲ್ಲಿ ಮೇಲೆ ಇರುವುದು ಫ್ಯಾನ್. ಗೋಡೆಗೆ ತಾಗಿದ ಡ್ರೋನನ್ನು ಸರಿಮಾಡಲಿಕ್ಕೆ ಹೋದವರು ಅದನ್ನು ಎದುರಿನ ಗೋಡೆಗೆ, ಅಲ್ಲಿಂದ ಯಾರದೋ ಮುಖದ ಕಡೆಗೆ ಓಡಿಸುತ್ತಾರೆ. ಒಳಗೆ ಹಾರಿಸುವಾಗ ನಿಯಮ ಬೇರೆ: ಏನಾದರೂ ತಾಗಿದ ಕ್ಷಣ ಮೋಟಾರ್ ಬಂದ್. ಒಂದೂವರೆ ಮೀಟರಿನಿಂದ ಬಿದ್ದ ಚಿಕ್ಕ ಡ್ರೋನ್‌ಗೆ ಹೆಚ್ಚೆಂದರೆ ಒಂದು ಗಾರ್ಡ್ ಹೋಗುತ್ತದೆ.

ಬಂದ್ ಮಾಡುವ ವಿಧಾನ ಒಂದೊಂದು ಡ್ರೋನ್‌ನಲ್ಲಿ ಒಂದೊಂದು. ಆಟಿಕೆ ಮಾದರಿಗಳಲ್ಲಿ ಪ್ರತ್ಯೇಕ ಗುಂಡಿ ಇರುತ್ತದೆ, ಕೆಲವದರಲ್ಲಿ ಅದನ್ನು ಒತ್ತಿ ಹಿಡಿಯಬೇಕು. ವೂಪ್‌ಗಳಲ್ಲಿ ಆರ್ಮ್ ಸ್ವಿಚ್, ಅಂದರೆ ಮೋಟಾರನ್ನು ಚಾಲೂ ಮಾಡುವ, ಬಂದ್ ಮಾಡುವ ಸ್ವಿಚ್. ಡಿಜೆಐ ಕಂಪನಿಯ ಕ್ಯಾಮೆರಾ ಡ್ರೋನ್‌ಗಳಲ್ಲಿ ಎರಡೂ ಸ್ಟಿಕ್ಕನ್ನು ಕೆಳಗಿನ ಮೂಲೆಗೆ ಎಳೆಯುವ ಕ್ರಮ ಇದೆ. ಆದರೆ ಹಾರಾಟದ ನಡುವೆ ಅದು ತುರ್ತು ಸಂದರ್ಭದಲ್ಲಿ ಮಾತ್ರ ಕೆಲಸ ಮಾಡುವ ಹಾಗೆ ಸೆಟ್ಟಿಂಗ್ ಇರುತ್ತದೆ, ನಿಮ್ಮದರಲ್ಲಿ ಹೇಗೆ ಇದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಎಲ್ಲಕ್ಕಿಂತ ಕಷ್ಟ ಮೊಬೈಲಿನಿಂದಲೇ ಹಾರಿಸುವವರಿಗೆ. ಡ್ರೋನ್ ಮೇಲಿರುವಾಗ ಯಾರದೋ ಫೋನ್ ಬಂದರೆ ಪರದೆಯ ಮೇಲೆ ನಿಲ್ಲಿಸುವ ಗುಂಡಿಯೇ ಕಾಣುವುದಿಲ್ಲ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಮಾತ್ರ ಆನ್ ಮಾಡಿ.

ವೂಪ್ ಮತ್ತು ಆಟಿಕೆ ಡ್ರೋನ್‌ಗಳಲ್ಲಿ ಪರೀಕ್ಷೆ ಹೀಗೆ: ನೆಲಕ್ಕೆ ದಪ್ಪ ಜಮಖಾನ ಅಥವಾ ಯೋಗ ಮ್ಯಾಟ್ ಹಾಸಿ, ಡ್ರೋನನ್ನು ಒಂದು ಗೇಣಿಗಿಂತ ಮೇಲೆ ಬಿಡದೆ ಎಬ್ಬಿಸಿ, ಸ್ಟಾಪ್ ಒತ್ತಿ. ನಾಲ್ಕೂ ಮೋಟಾರ್ ಒಮ್ಮೆಲೇ ನಿಲ್ಲಬೇಕು. ನಿಧಾನಕ್ಕೆ ಇಳಿಯಿತು ಅಂದರೆ ನೀವು ಒತ್ತಿದ್ದು ಲ್ಯಾಂಡಿಂಗ್ ಗುಂಡಿ, ಸ್ಟಾಪ್ ಅಲ್ಲ. ಇದನ್ನು ಪ್ರತಿ ದಿನದ ಮೊದಲ ಹಾರಾಟಕ್ಕೆ ಮುಂಚೆ ಮಾಡಿ. ರಿಮೋಟಿನ ಸೆಲ್ ಇಳಿದಿರುವುದೂ ಆಗಲೇ ಗೊತ್ತಾಗುತ್ತದೆ.

## ಬ್ಯಾಟರಿ

ಬ್ಯಾಟರಿ ಸ್ವಲ್ಪ ಉಬ್ಬಿದೆ. ಚಾರ್ಜ್ ನಿಲ್ತದೆ. ಹಾರಿಸಿದ್ರೆ ತೊಂದರೆ ಉಂಟಾ?

ಉಂಟು. ಉಬ್ಬಿದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಳಗೆ ಅನಿಲ ಕಟ್ಟಿಕೊಂಡಿದೆ, ಅಂದರೆ ಒಳಗಿನ ರಾಸಾಯನಿಕ ಕೆಡಲು ಶುರುವಾಗಿದೆ. ಚುಚ್ಚಿ ಗಾಳಿ ಬಿಡುವುದು, ಪುಸ್ತಕದಡಿ ಇಟ್ಟು ಒತ್ತುವುದು ಇವೆರಡನ್ನೂ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ, ಬೆಂಕಿ ಹತ್ತುವುದು ಆಗಲೇ. ಮನೆಯ ಕಸದ ಬುಟ್ಟಿಗೂ ಹಾಕಬೇಡಿ. ಕಸದ ಗಾಡಿಯಲ್ಲಿ ಜಜ್ಜಿ ಹೋದರೆ ಅಲ್ಲಿ ಕೆಲಸ ಮಾಡುವವರ ಕೈ ಸುಡುತ್ತದೆ. ಕನೆಕ್ಟರಿಗೆ ಟೇಪ್ ಸುತ್ತಿ, ಮುಚ್ಚಳ ಬಿಗಿ ಮಾಡದ ಡಬ್ಬಿಯಲ್ಲಿ ಒಣ ಹೊಯ್ಗೆ (ಮರಳು) ಹಾಕಿ ಅದರಲ್ಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹಾಕಿವೆ, ಕೊಂಡ ಅಂಗಡಿಯಲ್ಲಿ ಧೈರ್ಯವಾಗಿ ಕೇಳಿ.

ಹಾರಿಸುವ ಮೊದಲು ಎಷ್ಟು ವೋಲ್ಟ್ ಇರ್ಬೇಕು? ಯಾವಾಗ ಇಳಿಸ್ಬೇಕು?

ಸಾಮಾನ್ಯ ಲಿಪೋ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಹೈ-ವೋಲ್ಟೇಜ್ ಅಂತ ಬರೆದದ್ದಾದರೆ 4.35. ಹಾರುತ್ತಿರುವಾಗ 3.5ಕ್ಕೆ ಇಳಿದರೆ ನೀವೂ ಇಳಿಸಿ. 3 ವೋಲ್ಟಿಗಿಂತ ಕೆಳಗೆ ಹೋದ ಸೆಲ್ ನಂಬಿಕೆಗೆ ಅರ್ಹವಲ್ಲ. ವೋಲ್ಟೇಜ್ ತೋರಿಸದ ಆಟಿಕೆ ಡ್ರೋನ್ ಆದರೆ ಚಿಕ್ಕ ಚೆಕ್ಕರ್ ಒಂದು ತೆಗೆದುಕೊಳ್ಳಿ. ತುಂಬಿದ ಬ್ಯಾಟರಿಯಲ್ಲೇ ಡ್ರೋನ್ ಜೋರಾಗಿ ಜಿಗಿಯುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಮೊದಲ ಅರ್ಧ ನಿಮಿಷ ಥ್ರಾಟಲ್ ಮೇಲೆ ಬೆರಳು ಹಗುರ ಇರಲಿ.

ರಾತ್ರಿ ಚಾರ್ಜಿಗೆ ಹಾಕಿ ಮಲಗ್ಬಹುದಾ?

ಬೇಡ. ಮನೆಯಲ್ಲಿ ಡ್ರೋನ್‌ನಿಂದ ಆಗಬಹುದಾದ ಅತಿ ದೊಡ್ಡ ಅನಾಹುತ ಹಾರಾಟದಲ್ಲಿ ಆಗುವುದಲ್ಲ, ಚಾರ್ಜಿಂಗಿನಲ್ಲಿ ಆಗುವುದು. ಎಚ್ಚರ ಇರುವಾಗ, ಕಣ್ಣೆದುರು, ಟೈಲ್ಸ್ ಅಥವಾ ಸಿಮೆಂಟ್ ನೆಲದ ಮೇಲೆ ಚಾರ್ಜ್ ಮಾಡಿ. ಹಾಸಿಗೆ, ಸೋಫಾ, ಪೇಪರ್ ರಾಶಿ, ಮರದ ಕಪಾಟು ಬೇಡ. ಚಾರ್ಜರಿನ ಪ್ರವಾಹ ಬ್ಯಾಟರಿಯ ಸಾಮರ್ಥ್ಯಕ್ಕೆ ಸಮ ಇರಲಿ: 300 ಎಂಎಎಚ್ ಬ್ಯಾಟರಿಗೆ 0.3 ಆಂಪಿಯರ್. ಹಾರಿಸಿ ಇಳಿಸಿದ ಬಿಸಿ ಬ್ಯಾಟರಿಯನ್ನು ಕೂಡಲೇ ಚಾರ್ಜರಿಗೆ ಹಾಕಬೇಡಿ, ಕೈಗೆ ತಣ್ಣಗೆ ಹತ್ತಿದ ಮೇಲೆ ಹಾಕಿ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದಲ್ಲ, ಆಗ ಚಾರ್ಜರ್ ಹಿಂದಿನ ಸೆಟ್ಟಿಂಗ್ ಮರೆತು ಬೇರೆಯದರಲ್ಲಿ ಶುರುವಾಗುವ ಸಾಧ್ಯತೆ ಇದೆ. ಕರೆಂಟ್ ಹೋದರೆ ಬ್ಯಾಟರಿ ತೆಗೆದಿಡಿ, ಬಂದ ಮೇಲೆ ನೀವೇ ಕೈಯಾರೆ ಹಾಕಿ. ಗುಡುಗು ಮಿಂಚು ಇರುವ ಸಂಜೆ ಪ್ಲಗ್ಗೇ ಬೇಡ.

ಮಾವ ಗಲ್ಫಿನಿಂದ ತಂದದ್ದು, ಎರಡು ಮಳೆಗಾಲ ಕಪಾಟಿನಲ್ಲೇ ಇತ್ತು. ಈಗ ಹಾರಿಸ್ಬಹುದಾ?

ಡ್ರೋನ್ ಬದುಕಿರಬಹುದು, ಬ್ಯಾಟರಿ ಬದುಕಿರುವುದು ಅನುಮಾನ. ಲಿಪೋವನ್ನು ಇಡುವುದಾದರೆ ಸೆಲ್ಲಿಗೆ 3.8 ವೋಲ್ಟ್ ಆಸುಪಾಸು ಇಡಬೇಕು. ತುಂಬಿಸಿಯೇ ಇಟ್ಟದ್ದು ಉಬ್ಬುತ್ತದೆ, ಖಾಲಿ ಮಾಡಿ ಇಟ್ಟದ್ದು ತಾನಾಗಿ ಇನ್ನೂ ಇಳಿದು ಸಾಯುತ್ತದೆ. ವೋಲ್ಟೇಜ್ ನೋಡಿ, 3ಕ್ಕಿಂತ ಕೆಳಗಿದ್ದರೆ ಅಥವಾ ಉಬ್ಬಿದ್ದರೆ ಚಾರ್ಜ್ ಮಾಡಲು ಪ್ರಯತ್ನವೇ ಬೇಡ, ಹೊಸದು ತೆಗೆದುಕೊಳ್ಳಿ.

ಇನ್ನು ನಮ್ಮ ಕರಾವಳಿಯ ಉಪ್ಪು ಗಾಳಿ. ಬ್ಯಾಟರಿ ಕನೆಕ್ಟರಿನ ಪಿನ್ನಿನಲ್ಲಿ ಹಸಿರು ಅಥವಾ ಬಿಳಿ ಪುಡಿ ಕಂಡರೆ ತುಕ್ಕು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹಳೆ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ, ಪೂರ್ತಿ ಆರಲು ಬಿಡಿ. ಕ್ಯಾಮೆರಾ ಗಾಜಿನ ಮೇಲೂ, ಹೊಟ್ಟೆಯಡಿಯ ಸೆನ್ಸರಿನ ಮೇಲೂ ಬೂಷ್ಟು ಕಟ್ಟಿರುತ್ತದೆ, ಒರೆಸಿ. ಮೋಟಾರಿನೊಳಗೆ ಕರಕರ ಸದ್ದು ಬಂದರೆ ಆ ಮೋಟಾರ್ ಬದಲಾಗುವ ತನಕ ಹಾರಾಟ ಬೇಡ. ಮುಂದೆ ಇಡುವಾಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಆದರೆ ಬ್ಯಾಟರಿ ಅದೇ ಡಬ್ಬಿಯಲ್ಲಿ ಬೇಡ. ಹಾಗೇ, ಇನ್ನೊಂದು ತರಿಸುವ ಯೋಚನೆ ಇದ್ದರೆ ತಿಳಿದಿರಿ: 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಇದೆ.

## ಕೋಣೆ

ಫ್ಯಾನ್ ನಿಲ್ಲಿಸ್ಲೇಬೇಕಾ? ಸೆಕೆ ತಡೆಯುವುದಿಲ್ಲ!

ನಿಲ್ಲಿಸಲೇಬೇಕು, ಮತ್ತು ಎಲೆಗಳು ತಿರುಗುವುದು ಪೂರ್ತಿ ನಿಲ್ಲುವ ತನಕ ಕಾಯಬೇಕು. ಸ್ವಿಚ್ಚಿನ ಮೇಲೆ ಒಂದು ತುಂಡು ಟೇಪ್ ಹಚ್ಚಿ. ಸೆಕೆ ಅಂತ ಮನೆಯಲ್ಲಿ ಯಾರಾದರೂ ಬಂದು ಅಭ್ಯಾಸಬಲದಿಂದ ಹಾಕಿಬಿಡುತ್ತಾರೆ. ಎಸಿಯ ಗಾಳಿ ನೇರ ಬೀಸುವ ಜಾಗವೂ ಬೇಡ. ಮಧ್ಯಾಹ್ನ ಮೇಲೆ ಕಡಲ ಗಾಳಿ ಏಳುತ್ತದೆ, ಪಡುವಣ ಕಿಟಕಿ ತೆರೆದಿದ್ದರೆ 25 ಗ್ರಾಂನ ವೂಪ್ ಅದಕ್ಕೆ ಎದುರು ನಿಲ್ಲಲಾರದು. ಬೆಳಿಗ್ಗೆ ಹೊತ್ತು ಹಾರಿಸಿ, ನಡುನಡುವೆ ಇಳಿಸಿ ಫ್ಯಾನ್ ಹಾಕಿಕೊಳ್ಳಿ. ಬ್ಯಾಟರಿ ಹೇಗೂ ಕೆಲವೇ ನಿಮಿಷ ಬರುವುದು.

ನಮ್ಮದು ಹಳೆ ಹಂಚಿನ ಮನೆ. ಮಾಡು ಎತ್ತರ ಉಂಟು, ಹಾರಿಸ್ಲಿಕ್ಕೆ ಒಳ್ಳೇದಲ್ವಾ?

ಎತ್ತರ ಒಳ್ಳೆಯದೇ. ಆದರೆ ಆ ಎತ್ತರದಲ್ಲಿ ಹಂಚು ಹೊರುವ ಮರದ ಪಕ್ಕಾಸು, ರೀಪು, ಹಳೆ ವೈರ್, ಜೇಡರ ಬಲೆ ಎಲ್ಲ ಉಂಟು. ಪಕ್ಕಾಸಿನ ನಡುವೆ ಸಿಕ್ಕಿಕೊಂಡ ಡ್ರೋನ್ ತೆಗೆಯಲಿಕ್ಕೆ ಕುರ್ಚಿಯ ಮೇಲೆ ಸ್ಟೂಲ್ ಇಟ್ಟು ಹತ್ತಿದವರು ಬಿದ್ದರೆ, ಅದು ಪ್ರೊಪೆಲ್ಲರ್ ತಾಗುವುದಕ್ಕಿಂತ ಎಷ್ಟೋ ದೊಡ್ಡ ಅಪಾಯ. ಗೋಡೆಗೂ ಮಾಡಿಗೂ ನಡುವೆ ಗಾಳಿಗಾಗಿ ಬಿಟ್ಟ ಸಂದು ಇದೆಯಲ್ಲ, ಅದರಲ್ಲಿ ಚಿಕ್ಕ ಡ್ರೋನ್ ಸಲೀಸಾಗಿ ಹೊರಗೆ ನುಸುಳುತ್ತದೆ. ಜಂತಿಯ ಧೂಳು ಕೆದರಿ ಕೆಳಗೆ ನಿಂತವರ ಕಣ್ಣಿಗೆ ಬೀಳುತ್ತದೆ.

ಆಪ್‌ನಲ್ಲಿ ಎತ್ತರದ ಮಿತಿ ಹಾಕುವ ಸೌಲಭ್ಯ ಇದ್ದರೆ 2 ಮೀಟರಿಗೆ ಹಾಕಿ. ಇಲ್ಲದಿದ್ದರೆ ಬಾಗಿಲ ದಾರಂದದ ಎತ್ತರವನ್ನೇ ಗಡಿ ಮಾಡಿಕೊಳ್ಳಿ. ಗಾಜಿನ ಹಂಚಿನಿಂದ ಬಿಸಿಲ ಕೋಲು ಬೀಳುವ ಜಾಗವನ್ನೂ ಬಿಟ್ಟು ಹಾರಿಸಿ, ಯಾಕೆಂದರೆ ಆ ಬೆಳಕು ನೆರಳಿನ ಗಡಿಯಲ್ಲಿ ಹೊಟ್ಟೆಯಡಿಯ ಕ್ಯಾಮೆರಾಗೆ ಕಣ್ಣು ಕೋರೈಸುತ್ತದೆ.

ಕೆಂಪು ನೆಲದ ಮೇಲೆ ಡ್ರೋನ್ ತೇಲಿ ತೇಲಿ ಗೋಡೆಗೆ ಹೋಗ್ತದೆ. ಹಾಳಾಗಿದೆಯಾ?

ಹಾಳಾಗಿಲ್ಲ, ಅದಕ್ಕೆ ನೆಲ ಕಾಣುತ್ತಿಲ್ಲ. ಟೆಲ್ಲೋದಂಥ ಡ್ರೋನ್‌ಗಳಿಗೆ ಜಿಪಿಎಸ್ ಇಲ್ಲ. ಹೊಟ್ಟೆಯಡಿ ಇರುವ ಪುಟ್ಟ ಕ್ಯಾಮೆರಾ ನೆಲದ ಚಿತ್ರವನ್ನು ಒಂದರ ಹಿಂದೊಂದು ತೆಗೆದು, ಚಿತ್ರದ ಗುರುತುಗಳು ಎಷ್ಟು ಸರಿದವು ಅಂತ ನೋಡಿ ತಾನು ಎಷ್ಟು ಸರಿದೆ ಅಂತ ತಿಳಿದುಕೊಳ್ಳುತ್ತದೆ. ನಮ್ಮ ಊರಿನ ನುಣ್ಣಗೆ ಉಜ್ಜಿದ ರೆಡ್ ಆಕ್ಸೈಡ್ ನೆಲದಲ್ಲಿ ಗುರುತೇ ಇಲ್ಲ. ಮೇಲಿನ ಟ್ಯೂಬ್‌ಲೈಟಿನ ಪ್ರತಿಬಿಂಬ ಅದರಲ್ಲಿ ಹೊಳೆಯುತ್ತದೆ, ಡ್ರೋನ್ ಸರಿದಂತೆ ಪ್ರತಿಬಿಂಬವೂ ಸರಿಯುತ್ತದೆ, ಹಾಗಾಗಿ ತಾನು ನಿಂತಲ್ಲೇ ಇದ್ದೇನೆ ಅಂತ ಅದು ನಂಬುತ್ತದೆ. ಹೊಳೆಯುವ ವಿಟ್ರಿಫೈಡ್ ಟೈಲ್ಸಿನಲ್ಲೂ ಇದೇ ಪಾಡು.

ಪರಿಹಾರ ಸುಲಭ. ಚಿತ್ತಾರ ಇರುವ ಚಾಪೆ ಅಥವಾ ಜಮಖಾನ ಹಾಸಿ. ಅದಿಲ್ಲದಿದ್ದರೆ ಹಳೆ ಪೇಪರ್ ಹರಡಿ ಅಂಚಿಗೆಲ್ಲ ಟೇಪ್ ಹಚ್ಚಿ. ಟೇಪ್ ಹಚ್ಚದಿದ್ದರೆ ಡ್ರೋನ್‌ನ ಗಾಳಿಗೆ ಹಾಳೆ ಎದ್ದು ಪ್ರೊಪೆಲ್ಲರಿಗೆ ಸಿಗುತ್ತದೆ. ಒಂದೇ ಬಗೆಯ ಚೌಕ ಚೌಕ ವಿನ್ಯಾಸಕ್ಕಿಂತ ಅಡ್ಡಾದಿಡ್ಡಿ ವಿನ್ಯಾಸ ಒಳ್ಳೆಯದು, ಒಂದು ಚೌಕವನ್ನು ಪಕ್ಕದ್ದೆಂದು ತಪ್ಪು ತಿಳಿಯುವುದು ತಪ್ಪುತ್ತದೆ. ಆಮೇಲೆ ಒಂದು ಮೀಟರ್ ಎತ್ತರದಲ್ಲಿ ಕೈ ಬಿಟ್ಟು ಅರ್ಧ ನಿಮಿಷ ನಿಲ್ಲಿಸಿ ನೋಡಿ. ಒಂದು ಅಡಿಯೊಳಗೆ ಆಡುತ್ತಿದ್ದರೆ ಸರಿ.

ಬೆಳಕು ಕೂಡ ಇದರದ್ದೇ ಭಾಗ. ರಾತ್ರಿ ಹಾರಿಸುವಾಗ ಕರೆಂಟ್ ಹೋದರೆ ಕ್ಯಾಮೆರಾಗೆ ಏನೂ ಕಾಣದೆ ಡ್ರೋನ್ ತೇಲಲು ಶುರು, ನಿಮಗೂ ಅದು ಕಾಣುವುದಿಲ್ಲ. ಇನ್ವರ್ಟರ್ ಇಲ್ಲದ ಮನೆಯಲ್ಲಿ ಮಳೆಗಾಲದ ರಾತ್ರಿ ಹಾರಾಟ ಬೇಡ ಅನ್ನುವುದು ನನ್ನ ಖಚಿತ ಮಾತು.

ಮಳೆಗಾಲ ಅಲ್ವಾ, ಒಳಗೆಲ್ಲ ಬಟ್ಟೆ ಒಣಗ್ಲಿಕ್ಕೆ ಹಾಕಿರ್ತೇವೆ. ಅದರ ಕೆಳಗಿಂದ ಹಾರಿಸಿದ್ರೆ ಆಯ್ತಲ್ಲ?

ಬಟ್ಟೆಗಿಂತ ಹಗ್ಗ ಅಪಾಯ. ತೆಳು ನೈಲಾನ್ ಹಗ್ಗ ಮುಂದಿನ ಸೆನ್ಸರ್ ಇರುವ ಡ್ರೋನ್‌ಗೂ ಕಾಣುವುದಿಲ್ಲ. ಬಟ್ಟೆ ತೆಗೆದ ಮೇಲೂ ಖಾಲಿ ಹಗ್ಗ ಹಾಗೇ ಉಳಿದಿರುತ್ತದೆ, ಅದೇ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವುದು. ಹಗ್ಗ ಬಿಚ್ಚಿ. ಸೊಳ್ಳೆ ಪರದೆ ಎತ್ತಿ ಕಟ್ಟಿ, ಕಿಟಕಿ ಪರದೆಯನ್ನು ಗಂಟು ಹಾಕಿ.

ಅಜ್ಜಿ, ಬೆಕ್ಕು, ಎರಡು ವರ್ಷದ ಮಗು ಎಲ್ಲ ಇರುವ ಮನೆ. ಎಂತ ಮಾಡುವುದು?

ಹಾರಿಸುವ ಕೋಣೆಗೆ ಅವರು ಬರದ ಹಾಗೆ ಮಾಡುವುದು. ಬಾಗಿಲಿಗೆ ಒಳಗಿನಿಂದ ಚಿಲಕ, ಹೊರಗೆ ಹೇಳಿ ಬರುವುದು: "ಅಜ್ಜಿ, ಹತ್ತು ನಿಮಿಷ ಈ ಕೋಣೆಗೆ ಬರಬೇಡಿ." ಹಿರಿಯರು ಹಠಾತ್ ಸದ್ದಿಗೆ ಬೆಚ್ಚಿ ಎಡವಿ ಬೀಳುತ್ತಾರೆ, ಹಾಗಾಗಿ ಮೊದಲೇ ತಿಳಿಸುವುದು ಬರೀ ಮರ್ಯಾದೆಯ ಮಾತಲ್ಲ. ಬೆಕ್ಕು ಸೋಫಾದಡಿ ಮಲಗಿದೆಯಾ ನೋಡಿ, ಹಾರುವುದನ್ನು ಕಂಡರೆ ಅದು ಎಗರುವುದು ಖಂಡಿತ. ದೇವರ ದೀಪ, ಊದುಬತ್ತಿ ಉರಿಯುತ್ತಿದ್ದರೆ ಆರುವ ತನಕ ಕಾಯಿರಿ. ಅಡುಗೆಮನೆ ಕಡೆಗೆ ಬೇಡವೇ ಬೇಡ.

ಜೊತೆಗೆ ಒಬ್ಬರು ಬಾಗಿಲ ಬಳಿ ನಿಂತಿರಲಿ. ಅವರು "ನಿಲ್ಲಿಸು" ಅಂದರೆ ಯಾಕೆ ಅಂತ ಕೇಳದೆ ನಿಲ್ಲಿಸಬೇಕು.

## ಸ್ವಲ್ಪ ಪಳಗಿದವರಿಗೆ

ನನ್ನದು ಜಿಪಿಎಸ್ ಇರುವ ಡ್ರೋನ್. ಎಂತಾದ್ರೂ ಆದ್ರೆ ರಿಟರ್ನ್ ಟು ಹೋಮ್ ಕಾಪಾಡ್ತದಲ್ಲ?

ಒಳಗೆ ಅದೇ ಮೊದಲು ಕೈಕೊಡುವುದು. ರಿಟರ್ನ್ ಟು ಹೋಮ್ ಅಂದರೆ ಸೆಟ್ಟಿಂಗ್‌ನಲ್ಲಿ ಹೇಳಿದ ಎತ್ತರಕ್ಕೆ ಏರು, ಆಮೇಲೆ ಮನೆಗೆ ಬಾ ಅಂತ. ಆ ಎತ್ತರ ಹತ್ತಾರು ಮೀಟರ್ ಇರುತ್ತದೆ, ನಿಮ್ಮ ಸ್ಲ್ಯಾಬ್ 3 ಮೀಟರಿನಲ್ಲಿದೆ. ಸಿಗ್ನಲ್ ಕಡಿದಾಗ ಏನು ಮಾಡಬೇಕು ಎಂಬ ಆಯ್ಕೆಯನ್ನು ಲ್ಯಾಂಡ್ ಅಥವಾ ಹೋವರ್‌ಗೆ (ಇದ್ದಲ್ಲೇ ತೇಲಿ ನಿಲ್ಲುವುದು) ಬದಲಾಯಿಸಿ. ಬ್ಯಾಟರಿ ಇಳಿದಾಗಲೂ ತಾನಾಗಿ ಮರಳಲು ನೋಡುತ್ತದಾದ್ದರಿಂದ 30 ಶೇಕಡಾ ಇರುವಾಗಲೇ ಇಳಿಸಿ. ಹೊರಗೆ ಹೋಗುವಾಗ ಸೆಟ್ಟಿಂಗ್ ಮತ್ತೆ ಮೊದಲಿನಂತೆ ಮಾಡಲು ಮರೆಯಬೇಡಿ.

ಕಿಟಕಿ ಪಕ್ಕ ನಿಂತರೆ ಎರಡು ಮೂರು ಉಪಗ್ರಹ ಸಿಕ್ಕಿ, ಗೋಡೆಗಳಿಂದ ಪ್ರತಿಫಲಿಸಿದ ಸಿಗ್ನಲ್‌ನಿಂದ ತನ್ನ ಜಾಗವನ್ನು ತಪ್ಪು ತಿಳಿಯುತ್ತದೆ. ಅರೆಬರೆ ಜಿಪಿಎಸ್‌ಗಿಂತ ಜಿಪಿಎಸ್ ಇಲ್ಲದಿರುವುದೇ ವಾಸಿ, ಆದ್ದರಿಂದ ಕೋಣೆಯ ನಡುವಿನಿಂದ ಎಬ್ಬಿಸಿ. ಕಾಂಕ್ರೀಟ್ ನೆಲದೊಳಗಿನ ಕಬ್ಬಿಣದ ಸರಳಿಗೆ ಕಂಪಾಸ್ ಗಲಿಬಿಲಿಯಾಗಿ ಎರರ್ ಬಂದರೆ ಒಳಗೆ ಕ್ಯಾಲಿಬ್ರೇಟ್ ಮಾಡಬೇಡಿ, ಆ ತಪ್ಪು ಲೆಕ್ಕ ಹೊರಗೂ ಜೊತೆಗೆ ಬರುತ್ತದೆ. ಮರದ ಸ್ಟೂಲ್ ಮೇಲಿಟ್ಟು ನೋಡಿ, ಸಾಮಾನ್ಯವಾಗಿ ಎರರ್ ಹೋಗುತ್ತದೆ.

ನೆಲದ ಹತ್ತಿರ ಅಲುಗಾಡ್ತದೆ, ಮೇಲೆ ಹೋದ್ರೆ ಸೀಲಿಂಗಿಗೆ ಅಂಟಿಕೊಳ್ತದೆ. ಯಾಕೆ ಹೀಗೆ?

ಪ್ರೊಪೆಲ್ಲರ್ ಕೆಳಗೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ವಾಪಸ್ ಬರುತ್ತದೆ, ಅದಕ್ಕೆ ಒಂದು ಗೇಣಿನೊಳಗೆ ಕುಣಿತ. ಆ ಪಟ್ಟಿಯನ್ನು ಬೇಗ ದಾಟಿ. ಸೀಲಿಂಗಿನ ಹತ್ತಿರ ಹೋದಾಗ ಪ್ರೊಪೆಲ್ಲರಿಗೂ ಸೀಲಿಂಗಿಗೂ ನಡುವಿನ ಗಾಳಿಯ ಒತ್ತಡ ತಗ್ಗಿ ಡ್ರೋನ್ ಮೇಲಕ್ಕೆ ಸೆಳೆಯಲ್ಪಡುತ್ತದೆ. ಥ್ರಾಟಲ್ ನಿಧಾನಕ್ಕೆ ಇಳಿಸಿದರೆ ಬಿಡುವುದಿಲ್ಲ, ಒಮ್ಮೆಗೇ ಬಿಡುವಷ್ಟು ಇಳಿಸಿದರೆ ದೊಪ್ಪನೆ ಬೀಳುತ್ತದೆ. ಅರ್ಧ ಮೀಟರ್ ಅಂತರ ಇಟ್ಟುಕೊಳ್ಳಿ. ಗಾಳಿಯೊತ್ತಡ ಅಳೆದು ಎತ್ತರ ಹಿಡಿಯುವ ಡ್ರೋನ್ ಆದರೆ ಇನ್ನೊಂದು ವಿಷಯ: ಮುಚ್ಚಿದ ಕೋಣೆಯ ಬಾಗಿಲನ್ನು ಯಾರಾದರೂ ಧಡಕ್ಕನೆ ತೆಗೆದರೆ ಒತ್ತಡ ಬದಲಾಗಿ ಅದು ಹಠಾತ್ ಏರುತ್ತದೆ ಅಥವಾ ಇಳಿಯುತ್ತದೆ.

ಬೀಟಾಫ್ಲೈಟ್ ಸಾಫ್ಟ್‌ವೇರ್ ಇರುವ ವೂಪ್. ಕಾಲೇಜ್ ಲ್ಯಾಬ್‌ನಲ್ಲಿ ಐದಾರು ಜನ ಒಟ್ಟಿಗೆ ಹಾರಿಸ್ತೇವೆ. ಎಂತ ಹೆಚ್ಚು ನೋಡ್ಬೇಕು?

ಮೊದಲು ಫೇಲ್‌ಸೇಫ್, ಅಂದರೆ ಸಿಗ್ನಲ್ ಕಡಿದಾಗ ಡ್ರೋನ್ ತಾನಾಗಿ ಮಾಡುವ ಕೆಲಸ. ಪ್ರೊಪೆಲ್ಲರ್ ನಾಲ್ಕೂ ತೆಗೆದು, ಆರ್ಮ್ ಮಾಡಿ, ಸ್ವಲ್ಪ ಥ್ರಾಟಲ್ ಕೊಟ್ಟು, ರಿಮೋಟನ್ನೇ ಆಫ್ ಮಾಡಿ. ಒಂದೆರಡು ಸೆಕೆಂಡಿನಲ್ಲಿ ಮೋಟಾರ್ ನಿಲ್ಲಬೇಕು. ತಿರುಗುತ್ತಲೇ ಇದ್ದರೆ ರಿಸೀವರ್ ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡಿದೆ, ಅದು ಸರಿಯಾಗುವ ತನಕ ಪ್ರೊಪೆಲ್ಲರ್ ಮತ್ತೆ ಹಾಕಬೇಡಿ. ಸೆಟ್ಟಿಂಗ್‌ನ ಸ್ಟೇಜ್ 2ಕ್ಕೆ (ಸಿಗ್ನಲ್ ಮರಳಿ ಬಾರದಿದ್ದಾಗಿನ ಹಂತ) ಡ್ರಾಪ್, ಅಂದರೆ ಮೋಟಾರ್ ನಿಲ್ಲಿಸಿ ಬೀಳಿಸುವ ಆಯ್ಕೆಯೇ ಒಳಾಂಗಣಕ್ಕೆ ಸರಿ. ಏರ್‌ಮೋಡ್ ಆನ್ ಇದ್ದರೆ, ತಾಗಿ ಬಿದ್ದ ಡ್ರೋನ್ ನೆಟ್ಟಗಾಗಲು ತಾನಾಗಿ ಮೋಟಾರ್ ಜೋರು ಮಾಡುತ್ತದೆ, ಥ್ರಾಟಲ್ ಸೊನ್ನೆ ಇದ್ದರೂ. ಆಗ ಡಿಸಾರ್ಮ್ ಒಂದೇ ದಾರಿ.

ಆಮೇಲೆ ಬೈಂಡಿಂಗ್ ಫ್ರೇಸ್, ಅಂದರೆ ರಿಮೋಟನ್ನೂ ಡ್ರೋನನ್ನೂ ಜೋಡಿ ಮಾಡುವ ಗುಪ್ತಪದ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ರಿಮೋಟ್ ಸಂಪರ್ಕ ವ್ಯವಸ್ಥೆ ಬಳಸುವ ಲ್ಯಾಬ್‌ಗಳಲ್ಲಿ ಅನುಕೂಲಕ್ಕೆ ಅಂತ ಎಲ್ಲದಕ್ಕೂ ಒಂದೇ ಫ್ರೇಸ್ ಹಾಕುತ್ತಾರೆ. ಹಾಗಾದರೆ ನಿಮ್ಮ ರಿಮೋಟ್ ಮೇಜಿನ ಆಚೆ ಕೂತ ಗೆಳತಿಯ ಕೈಯಲ್ಲಿರುವ ಡ್ರೋನನ್ನು ಎಬ್ಬಿಸಬಹುದು. ಒಂದು ರಿಮೋಟಿಗೆ ಒಂದು ಫ್ರೇಸ್, ಎರಡರ ಮೇಲೂ ಒಂದೇ ಬಣ್ಣದ ಸ್ಟಿಕ್ಕರ್. ಇದನ್ನು ನಾನು ಕಡ್ಡಾಯ ಅನ್ನುತ್ತೇನೆ.

ಅನಲಾಗ್ ವಿಡಿಯೊ ಆದರೆ 5.8 ಗಿಗಾಹರ್ಟ್ಸ್ ಚಾನಲ್ ಮೊದಲೇ ಹಂಚಿಕೊಳ್ಳಿ, ಬ್ಯಾಟರಿ ಜೋಡಿಸುವ ಮೊದಲು ಗಟ್ಟಿಯಾಗಿ ಹೇಳಿ. ಹಾರುತ್ತಿರುವವರ ಚಾನಲಿನಲ್ಲಿ ನಿಮ್ಮದು ಆನ್ ಆದರೆ ಡ್ರೋನ್‌ನ ವಿಡಿಯೊ ತೋರಿಸುವ ಅವರ ಗಾಗಲ್ಸ್ ಕುರುಡಾಗುತ್ತದೆ. ಗಾಗಲ್ಸ್ ಹಾಕಿದವರ ಪಕ್ಕ, ಬರಿಗಣ್ಣಿನಿಂದ ನೋಡುವವರೊಬ್ಬರು ಇರಲೇಬೇಕು.

ಮದುವೆ ಹಾಲ್ ಒಳಗೆ ಹಾರಿಸ್ಲಿಕ್ಕೆ ಒತ್ತಾಯ ಮಾಡ್ತಾರೆ. ಧಾರೆ ಹೊತ್ತಿಗೆ ಮೇಲಿಂದ ಒಂದು ಶಾಟ್ ಬೇಕಂತೆ.

ಜನರ ತಲೆಯ ಮೇಲೆ ಬೇಡ. ನನಗೆ ಇದರಲ್ಲಿ ಎರಡು ಮಾತಿಲ್ಲ. ನೂರಾರು ಮೊಬೈಲ್‌ಗಳ ವೈಫೈ ಮತ್ತು ಬ್ಲೂಟೂತ್ ನಿಮ್ಮ ರಿಮೋಟಿನ 2.4 ಗಿಗಾಹರ್ಟ್ಸ್‌ನಲ್ಲೇ ಗಲಾಟೆ ಮಾಡುತ್ತಿರುತ್ತವೆ. ಹೋಮದ ಹೊಗೆ ಸೆನ್ಸರಿಗೆ ಗೋಡೆಯಂತೆ ಕಾಣುತ್ತದೆ, ಕ್ಯಾಮೆರಾಗೆ ನೆಲ ಮುಚ್ಚಿಹೋಗುತ್ತದೆ. ಡ್ರೋನ್‌ನ ಗಾಳಿಗೆ ಹೋಮದ ಕಿಡಿ ಹಾರುತ್ತದೆ, ಮಂಟಪದ ತೆಳು ಬಟ್ಟೆ ಎದ್ದು ಪ್ರೊಪೆಲ್ಲರಿಗೆ ಸಿಗುತ್ತದೆ. ಕೆಳಗೆ ಓಡಿ ತಪ್ಪಿಸಿಕೊಳ್ಳಲಾಗದ ಹಿರಿಯರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ.

ಮನೆಯವರಿಗೆ ಒಪ್ಪಿಗೆಯಾಗುವ ದಾರಿ ಇದೆ. ಮಂಟಪ ಸಿಂಗಾರವಾಗಿ, ಜನ ಬರುವ ಮೊದಲು, ಖಾಲಿ ಹಾಲ್‌ನಲ್ಲಿ ಆ ಶಾಟ್ ತೆಗೆದುಕೊಳ್ಳಿ: ಹಾಲ್‌ನವರ ಅನುಮತಿ ಪಡೆದು, ಫ್ಯಾನ್‌ಗಳನ್ನೆಲ್ಲ ಬಂದ್ ಮಾಡಿಸಿ, ಗಾರ್ಡ್ ಹಾಕಿ. ಧಾರೆ ಹೊತ್ತಿನದ್ದನ್ನು ಬಾಲ್ಕನಿಯಿಂದ ಅಥವಾ ಉದ್ದ ಕೋಲಿಗೆ ಕಟ್ಟಿದ ಕ್ಯಾಮೆರಾದಿಂದ ತೆಗೆಯಿರಿ. ಎರಡನ್ನೂ ಜೋಡಿಸಿದರೆ ನೋಡುವವರಿಗೆ ಕೊರತೆ ಅನ್ನಿಸುವುದಿಲ್ಲ.

ಇಷ್ಟೆಲ್ಲ ನೋಡಿಯೂ ಗಾಯ ಆದ್ರೆ, ಬ್ಯಾಟರಿ ಹೊಗೆ ಬಂದ್ರೆ?

ಚರ್ಮದ ಗಾಯವನ್ನು ಹರಿಯುವ ನೀರಲ್ಲಿ ತೊಳೆದು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಣ್ಣಿಗಾದರೆ ಉಜ್ಜಬೇಡಿ, ಒತ್ತಬೇಡಿ, ಚುಚ್ಚಿಕೊಂಡದ್ದನ್ನು ಕೀಳಬೇಡಿ; ಪೇಪರ್ ಲೋಟವನ್ನು ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ ಕಣ್ಣಿನ ಡಾಕ್ಟರ್ ಹತ್ತಿರ ಕೂಡಲೇ ಹೋಗಿ. ನೋವು ಕಮ್ಮಿಯಾಯಿತು ಅಂತ ನಾಳೆಗೆ ಮುಂದೂಡಬೇಡಿ.

ಬ್ಯಾಟರಿ ಹೊಗೆಯಾಡಿದರೆ ಮೊದಲು ಜನರನ್ನು ಹೊರಗೆ ಕಳಿಸಿ, ಆ ಹೊಗೆ ವಿಷ. ಚಾರ್ಜರಿನಲ್ಲಿದ್ದರೆ, ಕೈಗೆ ಅಪಾಯ ಇಲ್ಲದೆ ಸಿಗುವಂತಿದ್ದರೆ ಮಾತ್ರ, ಗೋಡೆಯ ಸ್ವಿಚ್ ಆಫ್ ಮಾಡಿ. ಬ್ಯಾಟರಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಚಿಕ್ಕದಾದರೆ ಒಂದು ಬಾಲ್ದಿ ಒಣ ಹೊಯ್ಗೆ ಸುರಿದುಬಿಡಿ, ಕಿಟಕಿ ತೆರೆಯಿರಿ. ಪಕ್ಕದ ವಸ್ತುವಿಗೆ ಬೆಂಕಿ ತಗುಲಿದರೆ 101 ಅಥವಾ 112. ಆರಿದ ಹಾಗೆ ಕಂಡ ಬ್ಯಾಟರಿ ಮತ್ತೆ ಹತ್ತಿಕೊಳ್ಳುವುದುಂಟು, ಅದನ್ನು ಅಂಗಳದಲ್ಲಿ, ಮಳೆ ಬೀಳದ ಜಾಗದಲ್ಲಿ, ಹೊಯ್ಗೆಯೊಳಗೇ ಒಂದು ದಿನ ಬಿಡಿ.

ಹಾರಿಸಿ ಆದ ಮೇಲೆ ನೋಡುವಂಥದ್ದು ಎಂತಾದ್ರೂ ಉಂಟಾ?

ಬ್ಯಾಟರಿ ತೆಗೆದ ಕೂಡಲೇ ನಾಲ್ಕೂ ಮೋಟಾರಿಗೆ ಬೆರಳು ತಾಗಿಸಿ. ಮೂರು ಬೆಚ್ಚಗೆ, ಒಂದು ಮಾತ್ರ ಸುಡುವಷ್ಟು ಇದ್ದರೆ ಅಲ್ಲಿ ಕೂದಲೋ ಬಾಗಿದ ಶಾಫ್ಟೋ ಇದೆ. ಪ್ರೊಪೆಲ್ಲರಿನ ಬುಡ ಇನ್ನೊಮ್ಮೆ ನೋಡಿ, ಬೆಳಿಗ್ಗೆ ಇಲ್ಲದ ಬಿಳಿ ಗೆರೆ ಸಂಜೆ ಇರುತ್ತದೆ. ನಾಳೆ ಹಾರಿಸುವುದಿಲ್ಲ ಅಂತಾದರೆ ಬ್ಯಾಟರಿಯನ್ನು 3.8 ವೋಲ್ಟಿಗೆ ತಂದು ಇಡಿ. ಆಮೇಲೆ ಫ್ಯಾನ್ ಸ್ವಿಚ್ಚಿನ ಟೇಪ್ ತೆಗೆದು, ಚಿಲಕ ತೆರೆದು, ಒಳಗೆ ಬರಬಹುದು ಅಂತ ಮನೆಯವರಿಗೆ ಹೇಳಿ.